ಮುಂಬೈಯ ಶಿಸವಿ, ನಮ್ಮ ಬೀಟೆ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಓಡಿಸಿಬಿಟ್ಟಿದ್ದ ಇಸವಿಗಳನ್ನ ಇಲ್ಲಿ ಸರಿಯಾಗಿ ಸೇರಿಸಿದ್ದೀನಿ.

ನಾನಿರೋ ವಿಲೆ ಪಾರ್ಲೆ ಪೂರ್ವದಲ್ಲಿ ಹಳೇ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗ್ತಿವೆ. ಮನೆ ಖಾಲಿ ಮಾಡುವಾಗ ಹೊರಗೆ ಬರೋ ಕಪ್ಪನೆಯ, ನಾಲ್ಕು ಜನ ಹೊರಬೇಕಾದ ಕಪಾಟುಗಳಿಗೆ ಇಲ್ಲಿಯವರು ಶಿಸವಿ ಅಂತಾರೆ. ಬ್ರಿಟಿಷರಿಗೆ ಅದು ಬ್ಲ್ಯಾಕ್‌ವುಡ್. ನಮ್ಮ ಮಲೆನಾಡಿನಲ್ಲಿ ಬೀಟೆ. 19ನೇ ಶತಮಾನದಲ್ಲಿ ಬಾಂಬೆ ಬ್ಲ್ಯಾಕ್‌ವುಡ್ ಅನ್ನೋದೇ ಕೆತ್ತನೆ ಪೀಠೋಪಕರಣಗಳ ಒಂದು ಶೈಲಿಯ ಹೆಸರಾಗಿತ್ತು. ಪಶ್ಚಿಮ ಘಟ್ಟದ ಮರ ಕರಾವಳಿಗೆ ಇಳಿದು, ಸಮುದ್ರದ ಮೇಲೆ ಈ ಊರಿಗೆ ಬರ್ತಿತ್ತು. ನಮಗಿಂತ ಮುಂಚೆ ವಲಸೆ ಬಂದದ್ದು ಅದೇ ಅನ್ನಿ!

ಆದರೆ ಬೀಟೆಯ ಕಷ್ಟ ಅರ್ಥ ಆಗಬೇಕಾದರೆ ತೇಗದಿಂದ ಶುರು ಮಾಡಬೇಕು. ನೆಪೋಲಿಯನ್ ಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಸಾಲದಾಯಿತು. ಮುಂಬೈಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಯುದ್ಧನೌಕೆ ಕಟ್ಟಿಕೊಟ್ಟರು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲ್ತಾ ಇದೆ. ಆ ತೇಗ ಕೈತಪ್ಪಬಾರದು ಅಂತ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಜನರ ಸ್ವಂತ ಜಮೀನಿನ ತೇಗವೂ ಕಂಪನಿಯದ್ದೇ ಎಂದಾಯಿತು. ಸಂರಕ್ಷಕ ಅನ್ನೋ ಪದವಿ ನಮ್ಮಲ್ಲಿ ಹುಟ್ಟಿದ್ದು ಹೀಗೆ, ಹಡಗಿಗೋಸ್ಕರ. ಜನರ ದೂರು ಎಷ್ಟಾಯಿತೆಂದರೆ, ಹಿಂದೆ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ, ಮದ್ರಾಸಿನ ಗವರ್ನರ್ ಆದಮೇಲೆ 1823ರಲ್ಲಿ ಆ ವ್ಯವಸ್ಥೆಯನ್ನೇ ತೆಗೆಸಿಹಾಕಿದ.

ಹುದ್ದೆ ಹೋಯಿತು, ಆಲೋಚನೆ ಹೋಗಲಿಲ್ಲ. 1847ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಅಲೆಕ್ಸಾಂಡರ್ ಗಿಬ್ಸನ್ ಸಂರಕ್ಷಕನಾದ. 1862ರಲ್ಲಿ ಉತ್ತರ ಕೆನರಾ, ಅಂದರೆ ಶಿರಸಿ, ಹಳಿಯಾಳದ ಕಾಡೆಲ್ಲ, ಮುಂಬೈ ಪ್ರಾಂತ್ಯಕ್ಕೇ ಸೇರಿತು. ತೇಗದ ಜೊತೆ ಬೀಟೆ, ಶ್ರೀಗಂಧವೂ ಸರ್ಕಾರಿ ಮರಗಳ ಸಾಲಿಗೆ ಬಂದವು.

ಈಗ ಕೊಡಗಿಗೆ ಬನ್ನಿ. ಅಲ್ಲಿ ಅನ್‌ರಿಡೀಮ್ಡ್ ಜಮೀನು ಅಂತಾರಲ್ಲ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗ, ಅಲ್ಲಿ ತೋಟ ನಿಮ್ಮದು, ಬೀಟೆ ಸರ್ಕಾರದ್ದು. ಮರ ನಿಮ್ಮದೇ ಆದರೂ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೀಟೆಗೆ ಚೇಗು ಕಟ್ಟೋಕೆ ದಶಕಗಳು ಹಿಡಿಯುತ್ತವೆ. ಪಕ್ಕದಲ್ಲೇ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತೆ, ಬೇಕಾದಾಗ ಕಡಿದು ಮಾರಬಹುದು. ಕಾಫಿ ತೋಟದವರು ಯಾವುದನ್ನ ಉಳಿಸಿಕೊಳ್ತಾರೆ? ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎಡಿಟ್ ಹಕ್ಕೆಲ್ಲ ಅಡ್ಮಿನ್‌ಗೆ ಕೊಟ್ಟು ಮೇಂಟೆನೆನ್ಸ್ ಮಾತ್ರ ಯೂಸರ್‌ಗೆ ಬಿಟ್ಟ ಹಾಗಿದೆ.

ಕಳ್ಳಸಾಗಣೆ ದೊಡ್ಡ ಅಪಾಯ, ಅನುಮಾನವಿಲ್ಲ. 2017ರ ಜನವರಿಯಿಂದ ಬೀಟೆಯ ಇಡೀ ಕುಲಕ್ಕೆ ಸೈಟೀಸ್ ಒಪ್ಪಂದದ ನಿಯಂತ್ರಣ ಬಂತು. ಗಿಟಾರಿನವರು ಗಲಾಟೆ ಮಾಡಿದ ಮೇಲೆ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಗಡಿಯಲ್ಲಿ ತಡೆದರೆ ತೋಟದಲ್ಲಿ ಸಸಿ ಏಳೋದಿಲ್ಲ. ಶ್ರೀಗಂಧದ ಕಾನೂನನ್ನು ಕರ್ನಾಟಕ 2001ರಲ್ಲಿ ತಿದ್ದಿ, ಬೆಳೆದವನಿಗೇ ಮರ ಅಂದಮೇಲೆ ನೆಡೋರು ಹೆಚ್ಚಾದರು. ಬೀಟೆಗೂ ಮೊದಲು ಅದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ.

ಕೊಡಗು, ಚಿಕ್ಕಮಗಳೂರು ಕಡೆ ತೋಟ ಇರೋರು, ಊರಿಗೆ ಹೋದಾಗ ಜಮೀನಿನ ದಾಖಲೆಯಲ್ಲಿ ಮರದ ಹಕ್ಕು ಯಾರಿಗಿದೆ ಅಂತ ನೋಡಿ ತಿಳಿಸಿ. ಮುಂದಿನ ಮಾತು ಅದರ ಮೇಲೇ.