ಮಣ್ಣಿನೊಳಗೆ ಇಣುಕಿದ ಕ್ಷ-ಕಿರಣ

ಮಳೆ ನಿಂತ ಮೇಲೆ ಅಂಗಳದ ನೀರು ಇಂಗುವುದನ್ನು ನೀವೆಲ್ಲ ನೋಡಿದ್ದೀರಿ. ಇಂಗಿದ ನೀರು ನೆಲದೊಳಗೆ ಯಾವ ದಾರಿ ಹಿಡಿಯುತ್ತದೆ? ಇದಕ್ಕೆ ಕಣ್ಣಾರೆ ಕಂಡ ಉತ್ತರ ದೊರೆಯಲು ಬಹುಕಾಲ ಬೇಕಾಯಿತು.

ಫ್ರಾನ್ಸಿನ ಡಿಜಾನ್ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಅವರು ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಅಳೆದರು. 1856ರಲ್ಲಿ ಅವರು ಪ್ರಕಟಿಸಿದ ನಿಯಮ ಸರಳವಾದುದು: ನೀರಿನ ಮಟ್ಟಗಳ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು, ಮರಳಿನ ಪದರ ದಪ್ಪವಾದಷ್ಟೂ ಹರಿವು ಕಡಿಮೆ. ಅಂತರ್ಜಲದ ಲೆಕ್ಕಾಚಾರಕ್ಕೆ ಇಂದಿಗೂ ಇದೇ ಅಡಿಪಾಯ. ಆದರೆ ಅದು ಒಟ್ಟು ಹರಿವಿನ ಲೆಕ್ಕ. ಕಣಗಳ ಸಂದಿಯಲ್ಲಿ ನಡೆಯುವುದು ಮರೆಯಲ್ಲೇ ಉಳಿಯಿತು.

1882ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಕೃಷಿ ವಿಜ್ಞಾನಿಗಳಾದ ಲಾಸ್, ಗಿಲ್ಬರ್ಟ್ ಮತ್ತು ವಾರಿಂಗ್ಟನ್ ಮತ್ತೊಂದು ಸಂಗತಿ ಗುರುತಿಸಿದರು. ಮಳೆನೀರಿನ ಒಂದು ಪಾಲು ಮಣ್ಣನ್ನು ಪೂರ್ತಿ ನೆನೆಸದೆ, ತೆರೆದ ಸಂದುಗಳ ಮೂಲಕ ನೇರ ಕೆಳಗಿಳಿಯುತ್ತದೆ. ಇದು ಸಣ್ಣ ಮಾತಲ್ಲ. ಮಣ್ಣು ಸೋಸುವ ಮೊದಲೇ ಗೊಬ್ಬರದ ಲವಣ, ಕೀಟನಾಶಕಗಳು ಅಂತರ್ಜಲ ಸೇರಬಹುದು. ಆದರೆ ಆ ಸಂದುಗಳನ್ನು ನೋಡುವುದು ಹೇಗೆ? ಅಗೆದರೆ ಅವೇ ಕುಸಿದುಹೋಗುತ್ತವೆ!

1895ರಲ್ಲಿ ರಾಂಟ್‌ಜನ್ ಕ್ಷ-ಕಿರಣ ಕಂಡುಹಿಡಿದರು. ಆದರೆ ಒಂದೇ ಚಿತ್ರದಲ್ಲಿ ಒಳಗಿನ ಪದರಗಳ ನೆರಳೆಲ್ಲ ಒಂದರ ಮೇಲೊಂದು ಬೀಳುತ್ತಿತ್ತು. ಹಲವು ಕೋನಗಳ ನೆರಳುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಒಳಭಾಗವನ್ನು ಹೋಳುಹೋಳಾಗಿ ತೋರುವ ಸಿ.ಟಿ. ಸ್ಕ್ಯಾನರನ್ನು ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳು ಅದರಲ್ಲಿ ಕಂಡಿತು. ಅವರ ಹೆಸರಿನ ಅಳತೆಯಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಗಾಳಿ ಯಾವುದು, ನೀರು ಯಾವುದು ಎಂದು ಬೇರ್ಪಡಿಸುವ ಈ ಗುಣವೇ ಮಣ್ಣಿನ ವಿಜ್ಞಾನಿಗಳನ್ನು ಸೆಳೆಯಿತು.

1982ರಲ್ಲಿ ಅಮೆರಿಕದ ಸಂಶೋಧಕರು ಇಂಥ ಯಂತ್ರದಿಂದ ಮಣ್ಣಿನ ಸಾಂದ್ರತೆ ಅಳೆದರು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಬೇರಿನ ಸುತ್ತ ನೀರು ಕಡಿಮೆಯಾಗುವುದನ್ನು ಗಿಡ ಕೀಳದೆಯೇ ಗುರುತಿಸಿದರು. ಮುಂದೆ ಸಿಂಕ್ರೊಟ್ರಾನ್ ಕಿರಣಗಳು ಬಂದ ಮೇಲೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಸೂಕ್ಷ್ಮ ರಂಧ್ರಗಳೂ ಕಾಣಿಸಿದವು. ಎರೆಹುಳುವಿನ ಬಿಲ, ಕೊಳೆತ ಬೇರಿನ ಜಾಡು, ಕಲ್ಲಿನ ಬಿರುಕು ಎಲ್ಲವೂ ನಕ್ಷೆಗೆ ಬಂದವು.

ಹಾಗಾದರೆ ಕೊಳವೆಬಾವಿಗೆ ಜಾಗ ತೋರಿಸಲು ಕ್ಷ-ಕಿರಣ ಸಾಕೇ ಎಂದು ನೀವು ಕೇಳಬಹುದು. ಇಲ್ಲ. ಹತ್ತಾರು ಮೀಟರ್ ನೆಲವನ್ನು ಅದು ಭೇದಿಸಲಾರದು. ಪ್ರಯೋಗಾಲಯಕ್ಕೆ ತಂದ ಮಣ್ಣು, ಕಲ್ಲುಗಳ ತುಂಡನ್ನಷ್ಟೇ ನೋಡಬಲ್ಲದು. ಅದರ ಉಪಕಾರವೇ ಬೇರೆ. ನೆಲದ ಮೇಲೆ ಚೆಲ್ಲಿದ್ದು ಕೆಳಗಿಳಿಯುವ ಹಾದಿಯನ್ನು ಅದು ತೋರಿಸಿಕೊಟ್ಟಿದೆ. ನಮ್ಮ ನಾಡಿನ ಬಹುಭಾಗದಲ್ಲಿ ಅಂತರ್ಜಲವಿರುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಬಾವಿಯ ಬಳಿ ಏನು ಚೆಲ್ಲುತ್ತೇವೆಂಬುದನ್ನು ನಾವು ನೋಡಿಕೊಳ್ಳಲೇಬೇಕು.