ಇಂಡಿಯನ್ ಸೂಪರ್ ಲೀಗ್: ವಿದೇಶಿ ಆಟಗಾರರ ನೇಮಕ

ಭಾರತದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನ ತಂಡಗಳು ಹೊರದೇಶದ ಆಟಗಾರರನ್ನು ಸೇರಿಸಿಕೊಳ್ಳುವ ವ್ಯವಸ್ಥೆ. 2014ರ ಮೊದಲ ಆವೃತ್ತಿಯಲ್ಲಿ ಹೆಸರಿಗೇ ಹೆಚ್ಚು ಬೆಲೆಯಿತ್ತು. ದೆಹಲಿಗೆ ಡೆಲ್ ಪಿಯೆರೊ, ಗೋವಾಕ್ಕೆ ರಾಬರ್ಟ್ ಪಿರೆಸ್, ಪುಣೆಗೆ ಟ್ರೆಜೆಗೆ 'ಮಾರ್ಕೀ' ಆಟಗಾರರಾಗಿ, ಅಂದರೆ ತಂಡದ ಪ್ರಮುಖ ತಾರೆಗಳಾಗಿ, ಬಂದರು. ಎಲ್ಲರೂ ವೃತ್ತಿಯ ಸಂಜೆಯಲ್ಲಿದ್ದವರು. ಕ್ರೀಡಾಂಗಣ ತುಂಬಿತು, ಡೆಲ್ ಪಿಯೆರೊ ಹೊಡೆದದ್ದು ಮಾತ್ರ ಒಂದೇ ಗೋಲು. ಮುಂದೆ ಕ್ಲಬ್‌ಗಳು ಖ್ಯಾತಿಗಿಂತ ಕಸುವನ್ನು ನೋಡತೊಡಗಿದವು. ಗೋವಾದ ಸ್ಪೇನ್ ಆಟಗಾರ ಕೊರೊಮಿನಾಸ್ 2017-18ರಲ್ಲಿ 18 ಗೋಲು ಗಳಿಸಿದ. ಅದೇ ವರ್ಷ ಲೀಗ್ ಸೇರಿದ ಬೆಂಗಳೂರು ಎಫ್‌ಸಿಗೆ ವೆನೆಜುವೆಲಾದ ಮಿಕು, ಭಾರತದ ಸ್ಟ್ರೈಕರ್ ಸುನಿಲ್ ಛೆಟ್ರಿಗೆ ತಕ್ಕ ಜೊತೆಗಾರನಾದ.

ಮೈದಾನದಲ್ಲಿ ಏಕಕಾಲಕ್ಕೆ ಆಡಬಹುದಾದ ವಿದೇಶಿಯರ ಮಿತಿ ಆರಂಭದಲ್ಲಿ 6 ಇತ್ತು. 2017-18ರಲ್ಲಿ 5ಕ್ಕೆ, 2021-22ರಲ್ಲಿ 4ಕ್ಕೆ ಇಳಿಯಿತು. ಜೊತೆಗೆ, ತಂಡದ ವಿದೇಶಿಯರಲ್ಲಿ ಒಬ್ಬನಾದರೂ ಏಷ್ಯಾ ಫುಟ್‌ಬಾಲ್ ಒಕ್ಕೂಟದ ದೇಶದವನಾಗಿರಬೇಕೆಂಬ ನಿಯಮವೂ ಕೆಲಕಾಲ ಜಾರಿಯಲ್ಲಿತ್ತು. ಸ್ಥಳೀಯರಿಗೆ ಅವಕಾಶ ಹೆಚ್ಚಿಸುವುದು ಉದ್ದೇಶ. ಆದರೂ ಮುಂಚೂಣಿಯ ಸ್ಥಾನಗಳಿಗೆ ಕ್ಲಬ್‌ಗಳು ಇಂದಿಗೂ ಹೊರಗಿನವರನ್ನೇ ನೆಚ್ಚಿಕೊಂಡಿವೆ: 2024-25ರವರೆಗೆ ಅತಿ ಹೆಚ್ಚು ಗೋಲು ಗಳಿಸಿದವರಿಗೆ ಸಿಗುವ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನ ಪಾಲಾಗಿಲ್ಲ.