ಅರೆಕಾ

ಅಡಿಕೆ ಮರಕ್ಕೂ ಅದರ ಕಾಯಿಗೂ ಇಂಗ್ಲಿಷಿನಲ್ಲಿರುವ ಹೆಸರು. ಆಡುಮಾತಿನಲ್ಲಿ ಅಪರೂಪ, ಬರಹಗಳಲ್ಲೇ ಹೆಚ್ಚು. ಜನಬಳಕೆಯ ಮಾತು ಬೀಟಲ್ ನಟ್, ವೀಳ್ಯದೆಲೆಯ ಬಳ್ಳಿಗೂ ಈ ಮರಕ್ಕೂ ನಂಟೇ ಇಲ್ಲದಿದ್ದರೂ. ಅರೆಕಾ ಪೋರ್ಚುಗೀಸರ ಮೂಲಕ ಯುರೋಪಿಗೆ ಹೋದ ದ್ರಾವಿಡ ಪದ. ಕನ್ನಡದ ಅಡಿಕೆ, ಅಡಕೆಗಳು ಅದಕ್ಕೆ ಎಷ್ಟು ಹತ್ತಿರ ಕೇಳಿಸುತ್ತವೆಂದರೆ ಪದ ನಮ್ಮಿಂದಲೇ ಹೋಯಿತೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಸಾಕ್ಷ್ಯ ಬೊಟ್ಟುಮಾಡುವುದು ಮಲಯಾಳಂನ ಅಡಯ್ಕ್ಕ ಕಡೆಗೆ. ಡಕಾರ ರಕಾರವಾದದ್ದರಿಂದ ಏನೂ ತೀರ್ಮಾನವಾಗದು. ಮೂರ್ಧನ್ಯ ಡಕಾರವಿಲ್ಲದ ಪೋರ್ಚುಗೀಸ್ ಕಿವಿಗೆ ಎರಡು ಭಾಷೆಗಳ ಡಕಾರವೂ ಒಂದೇ. ತೀರ್ಮಾನ ಸಿಗುವುದು ಸ್ವರಗಳಲ್ಲಿ. ಅಡಯ್ಕ್ಕದ ‘ಅಯ್’ ಎಕಾರವಾಗುವುದು ಸಹಜ, ಕೊನೆಯ ಅಕಾರ ಹಾಗೆಯೇ ಉಳಿದಿದೆ. ಅಡಿಕೆಯಿಂದ ಹೊರಟರೆ ಎರಡನ್ನೂ ಬೇರೆಯಾಗಿ ವಿವರಿಸಬೇಕಾಗುತ್ತದೆ. ಇದು ಒಂಟಿ ಪದವೂ ಅಲ್ಲ. ಮಲಯಾಳಂನ ಚಕ್ಕ ಪೋರ್ಚುಗೀಸಿನಲ್ಲಿ ಜಾಕಾ ಆಯಿತು, ತೇಕ್ಕ್ ತೆಕಾ ಆಯಿತು. ನಮ್ಮ ಹಲಸು, ತೇಗಗಳಿಂದ ಆ ರೂಪಗಳು ಹುಟ್ಟಲಾರವು.

ಹೊನ್ನಾವರ, ಭಟ್ಕಳಗಳಂಥ ಕನ್ನಡ ಬಂದರುಗಳಲ್ಲೂ ಪೋರ್ಚುಗೀಸರು ವ್ಯಾಪಾರ ಮಾಡಿದರಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಆದರೆ ವಾಸ್ಕೋ ಡ ಗಾಮ 1498ರಲ್ಲಿ ಬಂದಿಳಿದದ್ದು ಕಲ್ಲಿಕೋಟೆಯ ಸೀಮೆಯಲ್ಲಿ. ಹೊಸ ಸರಕುಗಳ ಹೆಸರನ್ನು ಅವರು ಮೊದಲು ಕಲಿತದ್ದು ಅಲ್ಲೇ. ಇಟಲಿಯ ಯಾತ್ರಿಕ ವರ್ತೆಮನ ಪುಸ್ತಕ ಅಚ್ಚಾದದ್ದು 1510ರಲ್ಲಿ. ಅವನು ಕನ್ನಡ ನಾಡಿನಲ್ಲೂ ತಿರುಗಾಡಿದವನು, ವಿಜಯನಗರವನ್ನು ಕಂಡವನು. ಆದರೂ ಈ ಮರದ ಹೆಸರನ್ನು ಬರೆದದ್ದು ಕಲ್ಲಿಕೋಟೆಯ ಅರಸನ ತಾಂಬೂಲವನ್ನು ವರ್ಣಿಸುವಾಗ. ಅದಕ್ಕಿಂತ ಬಲವಾದ ಸಾಕ್ಷಿ ಗಾರ್ಸಿಯ ದ ಓರ್ತ. ಗೋವೆಯಲ್ಲೇ ನೆಲೆಸಿದ್ದ ಈ ವೈದ್ಯ, 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ಅರೆಕಾ ಎಂಬುದು ಮಲಬಾರಿನ ನಾಯರ್‌ಗಳ ಮಾತೆಂದು ಹೇಳುತ್ತಾನೆ. ಕನ್ನಡ ಸೀಮೆಗೆ ಅಷ್ಟು ಹತ್ತಿರವಿದ್ದವನೇ ಪದದ ತವರನ್ನು ದೂರದ ಮಲಬಾರಿನಲ್ಲಿ ಗುರುತಿಸಿದ ಮೇಲೆ ನಮ್ಮ ಹಕ್ಕುಸಾಧನೆಗೆ ಆಧಾರ ಉಳಿಯುವುದಿಲ್ಲ. ಅಡಿಕೆಯೂ ಅಡಯ್ಕ್ಕವೂ ಒಂದೇ ಬೇರಿನವು, ನಿಜ. ಆದರೆ ಹಡಗು ಹತ್ತಿದ್ದು ಅವುಗಳಲ್ಲಿ ಒಂದು ಮಾತ್ರ.

ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಮರಕ್ಕೆ ಅರೆಕಾ ಕ್ಯಾಟೆಚು ಎಂದು ಹೆಸರಿಟ್ಟ. ಕ್ಯಾಟೆಚು ಎಂದರೆ ಕಾಚು. ಅದು ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆಯುವ ಸಾರ, ಅಡಿಕೆಯದೇ ಅಲ್ಲ. ತಾಂಬೂಲದಲ್ಲಿ ಜೊತೆಗೂಡಿದ್ದು ಶಾಸ್ತ್ರೀಯ ಹೆಸರಿನಲ್ಲೂ ಜೊತೆಗೇ ಉಳಿಯಿತು. ಮುಂದೆ ತೆಂಗು, ತಾಳೆ, ಈಚಲುಗಳೆಲ್ಲ ಸೇರಿದ ಇಡೀ ಕುಟುಂಬಕ್ಕೇ ಅರೆಕೇಸೀ ಎಂಬ ಹೆಸರು ಬಂತು.